ಬಾದಾಮಿಯ ಎಡಗಣ್ಣು

ಕೃಷ್ಣಪ್ರಸಾದ ಮಗಳಿಗೆ ಕುದುರೆ ಕೊಡಿಸಿದನೆಂಬ ಸುದ್ದಿ ಅಮೆರಿಕದ ಹರ್ನ್‌ಡನ್ನಿನ ಕನ್ನಡದ ಮನೆಗಳಲ್ಲಿ ಕೆಲವು ವಾರ ನಗೆಗೆ ವಸ್ತುವಾಗಿತ್ತು. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಸೈಕಲ್ಲಿನಿಂದ ಎರಡು ಸಲ ಬಿದ್ದು ಕೊನೆಗೆ ನಡೆದೇ ಹೋಗುತ್ತಿದ್ದವನು ಅವನು. ಆದರೆ ಒಬ್ಬಳೇ ಮಗಳು ನಿಧಿಗೆ ಎಂಟು ವರ್ಷವಾದಾಗಿನಿಂದ ಕುದುರೆಯ ಹುಚ್ಚು. ಅವಳಿಗೆ ಹತ್ತಾದ ವರ್ಷ, 1994ರಲ್ಲಿ, ಅವನು ಮಣಿದ.

ಕುದುರೆಯನ್ನು ಆರಿಸಿದವನು ತಜಮ್ಮುಲ್. ಕೃಷ್ಣಪ್ರಸಾದನ ಆಫೀಸಿನಲ್ಲೇ ಕೆಲಸ, ಮೈಸೂರಿನವನೇ. ಅವನ ತಂದೆ ರೇಸ್ ಕೋರ್ಸಿನಲ್ಲಿ ಮೂವತ್ತು ವರ್ಷ ಕುದುರೆಗಳಿಗೆ ಲಾಳ ಕಟ್ಟಿದವರು. ತಜಮ್ಮುಲ್ ನಾಲ್ಕು ಲಾಯಗಳಿಗೆ ಹೋಗಿ, ಹನ್ನೊಂದು ಕುದುರೆಗಳ ಗೊರಸು ಎತ್ತಿ ನೋಡಿ, ಹನ್ನೆರಡನೆಯದರ ಕತ್ತು ತಟ್ಟಿ, "ಇದು ಮಕ್ಕಳಿಗೆ ಮೋಸ ಮಾಡಲ್ಲ, ಪ್ರಸಾದ್" ಎಂದಿದ್ದ. ಕಂದು ಮೈ, ಹಣೆಯ ಮೇಲೆ ಹಲಸಿನ ಬೀಜದಷ್ಟು ಬಿಳಿ. ನಿಧಿ ಅದಕ್ಕೆ ಬಾದಾಮಿ ಎಂದು ಹೆಸರಿಟ್ಟಳು.

ಬಾದಾಮಿಯನ್ನು ಆಲ್ಡಿ ಎಂಬ ಹಳ್ಳಿಯ ಒಂದು ಲಾಯದಲ್ಲಿ ಬಿಟ್ಟಿದ್ದರು. ಎರಡು ವರ್ಷ ಅವರ ಶನಿವಾರಗಳೆಲ್ಲ ಅಲ್ಲೇ ಕಳೆದವು. ನಿಧಿಯ ತಾಯಿ ಶ್ರೀಲತಾ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಹೋಗಿ ಬೇಲಿಯ ಪಕ್ಕ ಕೂರುತ್ತಿದ್ದಳು. ಕುದುರೆಯ ಬೆವರಿನ ವಾಸನೆ ಕಾರಿನ ಸೀಟಿಗೂ ಸೋಫಾಕ್ಕೂ ಹತ್ತಿತ್ತು. ಬರುಬರುತ್ತ ಅವಳಿಗೆ ಅದು ವಾಸನೆ ಎನಿಸುವುದೂ ನಿಂತುಹೋಯಿತು. ತಜಮ್ಮುಲ್, ಹೆಂಡತಿ ಬದರುನ್ನೀಸಾ ಮತ್ತು ಪುಟ್ಟ ಮಗಳು ಲೈಬಾಳೊಂದಿಗೆ ಬಂದು ನಿಧಿಗೆ ಗೊರಸು ಕೆರೆಯುವುದನ್ನು, ಬಾಲವನ್ನು ಹೇಗೆ ಬಾಚಬೇಕೆಂಬುದನ್ನು ಕಲಿಸಿದ. ಕತ್ತಿನ ಕೂದಲು, ಅಯಾಲಿನ ಕೆಳಗೆ ಕೆರೆದರೆ ಬಾದಾಮಿ ಮೇಲ್ದುಟಿಯನ್ನು ಉದ್ದ ಮಾಡಿ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಅಲ್ಲಾಡಿಸುತ್ತಿತ್ತು. ಲೈಬಾ ನಗುತ್ತ ಅದನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದಳು.

1996ರ ಏಪ್ರಿಲಿನಲ್ಲಿ ಸಣ್ಣದೊಂದು ಅಡ್ಡಗಂಬಿ ಹಾರುವಾಗ ಬಾದಾಮಿ ಎಡಗಡೆಯ ಕಂಬಕ್ಕೆ ಗುದ್ದಿತು. ನಿಧಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಶ್ರೀಲತಾ ಆಸ್ಪತ್ರೆಯಿಂದ ಮರಳುವಾಗಲೇ, "ಇನ್ನು ಈ ಕುದುರೆ ಸಹವಾಸ ಸಾಕು" ಎಂದಳು. ಕೃಷ್ಣಪ್ರಸಾದ ಹೆಂಡತಿಯನ್ನು ಸಮಾಧಾನ ಮಾಡಿ ಹೇಗೋ ಮಾತು ಮರೆಸಿದ. ಜೂನಿನಲ್ಲಿ ತಾಯಿ ಮಗಳು ಆರು ವಾರಕ್ಕೆಂದು ಮೈಸೂರಿಗೆ ಹೋದರು. ಅಲ್ಲಿಗೆ ಜುಲೈನಲ್ಲಿ ಅವನ ಫೋನ್ ಬಂತು. ಬಾದಾಮಿಗೆ ಹೊಟ್ಟೆನೋವು ಬಂದು, ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರೂ ಉಳಿಯಲಿಲ್ಲ. ಕೊನೆಯವರೆಗೂ ತಜಮ್ಮುಲ್ ಜೊತೆಗಿದ್ದ. ಅಲ್ಲೇ ಹೊಲದ ಅಂಚಿನಲ್ಲಿ ಹೂಳಿದರು ಎಂದ ಅವನು.

ನಿಧಿ ಅಜ್ಜಿಯ ಮನೆಯಲ್ಲಿ ಎರಡು ದಿನ ಊಟ ಬಿಟ್ಟಳು. ವಾಪಸು ಬಂದಾಗ ಹೂಳಿದ ಜಾಗ ನೋಡುತ್ತೇನೆಂದು ಹಟ ಹಿಡಿದಳು. ಆದರೆ ಲಾಯದ ಒಡೆಯ ಅಷ್ಟರಲ್ಲಿ ಜಮೀನು ಮಾರಿ ನಾರ್ತ್ ಕೆರೊಲಿನಾಕ್ಕೆ ಹೋಗಿಬಿಟ್ಟಿದ್ದ. ಅಲ್ಲಿ ಹೊಸ ಮನೆಗಳು ಏಳಲಿದ್ದವು. ಬುಲ್ಡೋಜರು ಹುಲ್ಲುಗಾವಲನ್ನೆಲ್ಲ ಕೆಂಪು ಮಣ್ಣು ಮಾಡಿತ್ತು. ಬೇರೆ ಕುದುರೆ ಹತ್ತುತ್ತೀಯಾ ಎಂದು ಅಪ್ಪ ಕೇಳಿದರೆ ಅವಳು ಎದ್ದು ತನ್ನ ಕೋಣೆಗೆ ಹೋದಳು.

ಅಕ್ಟೋಬರಿನಲ್ಲಿ ಅವಳ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಈ ನಾಡಿಗೆ ಮೊದಲು ಬಂದು ನೆಲೆಸಿದವರು ಹೇಗೆ ಬದುಕುತ್ತಿದ್ದರೆಂದು ಬರೆಯಬೇಕು. ಅದಕ್ಕಾಗಿ ಬ್ಲೂ ರಿಜ್ ಬೆಟ್ಟಗಳ ಆಚೆ ಇರುವ ಪಯೊನೀರ್ ವಿಲೇಜ್ ಎಂಬ ಮ್ಯೂಸಿಯಂ ನೋಡಿ ಬರಲು ಟೀಚರ್ ಹೇಳಿದ್ದರು. ಹಳೆಯ ಮರದ ದಿಮ್ಮಿಯ ಮನೆಗಳನ್ನು ಎಲ್ಲೆಲ್ಲಿಂದಲೋ ಬಿಚ್ಚಿ ತಂದು ಜೋಡಿಸಿ ಕಟ್ಟಿದ ಹಳ್ಳಿ ಅದು.

"ಅಷ್ಟು ದೂರ ಯಾಕೆ? ಲೈಬ್ರರಿಲಿ ಬುಕ್ ಇರುತ್ತೆ" ಎಂದ ಕೃಷ್ಣಪ್ರಸಾದ.

"ಎಲ್ಲಾರೂ ಹೋಗ್ತಿದಾರೆ, ಅಪ್ಪ" ಎಂದಳು ನಿಧಿ.

ಶ್ರೀಲತಾ ಬದರುನ್ನೀಸಾಳಿಗೆ ಫೋನ್ ಮಾಡಿ ಎರಡು ಮನೆಯವರೂ ಕೂಡಿ ಹೋಗೋಣವೆಂದಳು. ಹಿಂದಿನಿಂದ ತಜಮ್ಮುಲ್ "ಈ ಶನಿವಾರ ಆಗಲ್ಲ ಅಂತ ಹೇಳು" ಎನ್ನುವುದು ಕೇಳಿಸಿತು. ಮರುದಿನ ಹೊರಡುವಾಗ ನೋಡಿದರೆ ಅವನೇ ಸ್ಟಿಯರಿಂಗ್ ಹಿಡಿದು ಕೂತಿದ್ದ.

ಹಳ್ಳಿಯಲ್ಲಿ ಉದ್ದ ಲಂಗ ತೊಟ್ಟು ತಲೆಗೆ ಬಟ್ಟೆಯ ಟೋಪಿ ಕಟ್ಟಿದ ಹೆಂಗಸರು ಉಣ್ಣೆ ನೂಲುತ್ತಿದ್ದರು, ಬೆಣ್ಣೆ ಕಡೆಯುತ್ತಿದ್ದರು. ಜೋಳ ಬೀಸುವ ಕಲ್ಲು ನೋಡಿ ಬದರುನ್ನೀಸಾ, "ಇದನ್ನ ನೋಡೋಕೆ ಟಿಕೆಟ್ ತಗೊಂಡ್ವಾ? ನಮ್ಮಜ್ಜಿ ಮನೇಲಿ ಎರಡಿತ್ತು" ಎಂದು ಶ್ರೀಲತಾಳನ್ನು ನಗಿಸಿದಳು. ನಿಧಿ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಚರ್ಚಿನ ಪಕ್ಕದ ತಿರುವಿನಿಂದ ಜೋಡಿ ಕುದುರೆ ಕಟ್ಟಿದ ಗಾಡಿಯೊಂದು ಮಕ್ಕಳನ್ನು ಕೂರಿಸಿಕೊಂಡು ಬಂತು.

ನಿಧಿಯ ಕೈ ನಿಂತಿತು.

"ಅಮ್ಮ, ದಟ್ಸ್ ಬಾದಾಮಿ."

ಎಡಗಡೆ ಕಟ್ಟಿದ್ದ ಕಂದು ಕುದುರೆಯ ಹಣೆಯ ಮೇಲೆ ಬಿಳಿ ಇತ್ತು. ಶ್ರೀಲತಾ ಮಗಳ ಭುಜ ಹಿಡಿದು, "ಅದರ ಥರಾನೇ ಇದೆ ಪುಟ್ಟಿ, ಅಷ್ಟೇ" ಎಂದಳು. ಗಾಡಿ ನಿಂತಿತು. ನಿಧಿ ಓಡಿಹೋಗಿ ಹೆಸರು ಹಿಡಿದು ಕರೆದಳು. ಕುದುರೆ ಇಡೀ ಕತ್ತನ್ನು ತಿರುಗಿಸಿ ಬಲಗಣ್ಣಿನಿಂದ ಅವಳನ್ನು ನೋಡಿತು. ಎಡಗಣ್ಣಿನ ಮೇಲೆ ನೀಲಿ ಮಂಜಿನಂಥ ಪೊರೆ. ನಿಧಿ ಅಯಾಲಿನ ಕೆಳಗೆ ಕೈ ತೂರಿಸಿ ಕೆರೆದಳು. ಮೇಲ್ದುಟಿ ಉದ್ದವಾಗಿ ಗಾಳಿಯಲ್ಲಿ ಅಲ್ಲಾಡಿತು.

ಗಾಡಿ ಹೊಡೆಯುತ್ತಿದ್ದ ಮುದುಕಿ, ಮಿಸೆಸ್ ಹಾರ್ಲನ್, ಈ ಕುದುರೆಯ ಹೆಸರು ಅಮೋಸ್ ಎಂದಳು.

"ಎಲ್ಲಾ ಕುದುರೇನೂ ಹಾಗೆ ಮಾಡುತ್ತೆ ನಿಧಿ. ಬಾ" ಎಂದ ಕೃಷ್ಣಪ್ರಸಾದ, ಗಾಡಿಯ ಹಿಂದೆ ದೂರದಲ್ಲೇ ನಿಂತು. ಅವನ ದನಿ ಎಂದಿನಂತೆಯೇ ಇತ್ತು.

ಶ್ರೀಲತಾ ತಜಮ್ಮುಲ್‌ಗಾಗಿ ಸುತ್ತ ನೋಡಿದಳು. ಕುದುರೆ ಗೊತ್ತಿದ್ದವನು ಅವನೊಬ್ಬನೇ. ಅವನು ಬಂದು ನೋಡಿದರೆ ಹುಡುಗಿಗೆ ನಂಬಿಕೆ ಬರುತ್ತದೆ. ಆದರೆ ಅವನು ಕಮ್ಮಾರನ ಗುಡಿಸಲಿನ ಬಾಗಿಲಲ್ಲಿ ಇವರ ಕಡೆ ಬೆನ್ನು ಮಾಡಿ ನಿಂತಿದ್ದ. ಅವಳು ಕರೆದರೂ ತಿರುಗಲಿಲ್ಲ. ಲೈಬಾ ಗಾಡಿಯಲ್ಲಿ ಕೂರಬೇಕೆಂದು ಅತ್ತಾಗಲೂ ಬದರುನ್ನೀಸಾಳೇ ಅವಳನ್ನು ಎತ್ತಿಕೊಂಡು ಬರಬೇಕಾಯಿತು. ಮರಳುವಾಗ ಕಾರಿನಲ್ಲಿ ನಿಧಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು.

ಭಾನುವಾರ ಶ್ರೀಲತಾ ಹಳೆಯ ಆಲ್ಬಮ್ ತೆಗೆದು ಬಾದಾಮಿಯ ಫೋಟೋಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಹಣೆಯ ಬಿಳಿ ಕೆಳಗಡೆ ಸ್ವಲ್ಪ ಬಲಕ್ಕೆ ಬಾಗಿತ್ತು. ನಿನ್ನೆ ಕಂಡದ್ದೂ ಬಾಗಿತ್ತೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಬಾಗಿತ್ತು ಎಂದೇ ಅನಿಸಿತು.

"ರೀ, ಬಾದಾಮಿ ಸತ್ತಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ಕೃಷ್ಣಪ್ರಸಾದ ಪೇಪರಿನಿಂದ ತಲೆಯೆತ್ತಲಿಲ್ಲ. "ನಾನು ಆಫೀಸಲ್ಲಿದ್ದೆ. ನೋಡಿದ್ದು ತಜಮ್ಮುಲ್."

"ಹೂಳಿದ್ದು?"

"ಅವನೇ ನಿಂತು ಮಾಡಿಸ್ದ. ಯಾಕೆ ಲತಾ, ಮಗು ಏನೋ ಅಂದ್ಳು ಅಂತ ನೀನೂ ಶುರು ಮಾಡ್ಬೇಡ."

ಆ ಮಾತು ಅವಳೊಳಗೆ ಕೂತುಬಿಟ್ಟಿತು. ನೋಡಿದ್ದು ತಜಮ್ಮುಲ್, ಹೂಳಿಸಿದ್ದು ತಜಮ್ಮುಲ್. ಈ ಪ್ರವಾಸ ಬೇಡವೆಂದದ್ದು, ಬೆನ್ನು ತಿರುಗಿಸಿ ನಿಂತದ್ದು ಕೂಡ ಅವನೇ. ಗಂಡ ಒಳ್ಳೆಯವನು, ಯಾರು ಏನು ಹೇಳಿದರೂ ನಂಬುತ್ತಾನೆ. ಕುದುರೆಯ ವಿಷಯದಲ್ಲಂತೂ ತಜಮ್ಮುಲ್ ಹೇಳಿದ್ದೇ ವೇದ. ಎರಡು ವರ್ಷದ ಹಿಂದೆ, ಕುದುರೆ ಆರಿಸಿದವನು ಯಾರೆಂದು ಕೇಳಿದಾಗ ಮೈಸೂರಿನ ಚಿಕ್ಕಮ್ಮ, "ಅವ್ರನ್ನ ಎಷ್ಟು ನಂಬ್ಬೇಕೋ ಅಷ್ಟೇ ನಂಬು" ಎಂದಿದ್ದಳು. ಆಗ ಶ್ರೀಲತಾ ಸಿಟ್ಟಾಗಿದ್ದಳು. ಫೋನಿನಲ್ಲೇ ಚಿಕ್ಕಮ್ಮನಿಗೆ ಎದುರಾಡಿದ್ದಳು. ಈಗ ಅದೇ ಮಾತು ಪಾತ್ರೆ ತೊಳೆಯುವಾಗ, ಟೋಲ್ ರೋಡಿನಲ್ಲಿ ಕಾರು ಓಡಿಸುವಾಗ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅವಳು ಅದನ್ನು ಓಡಿಸಲಿಲ್ಲ.

ಸೋಮವಾರ ಅವಳು ಬದರುನ್ನೀಸಾಳಿಗೆ ಫೋನ್ ಮಾಡಿದಳು. ಲೈಬಾಳ ಕೆಮ್ಮಿನ ಬಗ್ಗೆ ಒಂದೆರಡು ಮಾತಾಡಿ, "ಬದರ್, ಬಾದಾಮಿ ಹೋದಾಗ ತಜಮ್ಮುಲ್ ಅಲ್ಲೇ ಇದ್ರಲ್ವಾ?" ಎಂದಳು.

"ಇದ್ರು ಅಂತ ಪ್ರಸಾದ್ ಭಾಯ್ ಹೇಳಿದಾರಲ್ಲ."

"ತಜಮ್ಮುಲ್ ನಿಮ್ಮ ಹತ್ರ ಏನ್ ಹೇಳಿದ್ರು?"

"ನಮ್ಮನೇಲಿ ಆ ಮಾತು ಬಂದಿಲ್ಲ."

"ಅದು ಹೇಗೆ ಬರ್ದೇ ಇರುತ್ತೆ? ನಾನೇನೂ ಅವ್ರು ಕುದುರೆ ಯಾರಿಗೋ ಮಾರಿದ್ರು ಅಂತ ಹೇಳ್ತಿಲ್ಲ ಬದರ್."

ಹಿಂದೆ ಲೈಬಾ ಟೀವಿ ನೋಡುತ್ತ ನಗುತ್ತಿದ್ದಳು.

"ಈಗ ಹೇಳಿದ್ರಲ್ಲ" ಎಂದು ಬದರುನ್ನೀಸಾ ಫೋನ್ ಇಟ್ಟಳು.

ಶ್ರೀಲತಾಳಿಗೆ ಮುಖ ಬಿಸಿಯಾಯಿತು. ಆದರೂ ಇವಳು ನೇರವಾಗಿ ಇಲ್ಲವೆನ್ನಲಿಲ್ಲವಲ್ಲ ಎಂದೇ ಅವಳು ಲೆಕ್ಕ ಹಾಕಿದಳು. ಬುಧವಾರ ತಾನು ಕೆಲಸ ಮಾಡುವ ಲೈಬ್ರರಿಗೆ ರಜೆ ಹೇಳಿ, ಗಂಡನಿಗೆ ತಿಳಿಸದೆ, ಒಬ್ಬಳೇ ಬೆಟ್ಟ ದಾಟಿ ಕಾರು ಓಡಿಸಿದಳು. ಪರ್ಸಿನಲ್ಲಿ ಯುಗಾದಿಯ ಪಿಕ್‌ನಿಕ್ಕಿನಲ್ಲಿ ತೆಗೆದ ಫೋಟೋ ಇತ್ತು. ಅದರಲ್ಲಿ ತಜಮ್ಮುಲ್ ಕ್ಯಾಮೆರಾದ ಕಡೆ ನೇರವಾಗಿ ನೋಡಿ ನಗುತ್ತಿದ್ದ.

ವಾರದ ನಡುವೆ ಹಳ್ಳಿ ಖಾಲಿ. ಮಿಸೆಸ್ ಹಾರ್ಲನ್ ಟೋಪಿ ತೆಗೆದಿಟ್ಟು, ಜೀನ್ಸ್ ತೊಟ್ಟು ಲಾಯ ಗುಡಿಸುತ್ತಿದ್ದಳು. ಶನಿವಾರದ ಹುಡುಗಿಯ ತಾಯಿ ಎಂದು ಹೇಳಿದ ಕೂಡಲೇ ಅವಳಿಗೆ ಗುರುತು ಹತ್ತಿತು. ಅಮೋಸ್ ಎಲ್ಲಿಂದ ಬಂದ ಎಂದು ಶ್ರೀಲತಾ ಕೇಳಿದಳು.

ಜುಲೈನಲ್ಲಿ ಬಂದ ಎಂದಳು ಮುದುಕಿ. ಎಡಗಣ್ಣು ಪೂರ್ತಿ ಹೋಗಿದೆ, ಹತ್ತಿ ಸವಾರಿ ಮಾಡುವಂತಿಲ್ಲ. ಆದರೆ ಗೊತ್ತಿರುವ ದಾರಿಯಲ್ಲಿ ಜೊತೆಯ ಕುದುರೆ ಇದ್ದರೆ ಶಾಂತವಾಗಿ ಗಾಡಿ ಎಳೆಯುತ್ತಾನೆ. ನಿಮ್ಮ ದೇಶದ ಒಬ್ಬರು ಹಾಗೇ ಕೊಟ್ಟುಹೋದರು, ಏನೂ ಕೇಳಲಿಲ್ಲ. ಅವರು ಎರಡು ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ ಬರುತ್ತಾರೆ. ಒಳಗೆ ಬರುವುದಿಲ್ಲ, ಬೇಲಿಯ ಹತ್ತಿರ ನಿಂತು ನಿಮ್ಮ ಭಾಷೆಯಲ್ಲಿ ಅದರ ಜೊತೆ ಏನೋ ಮಾತಾಡಿ ಹೋಗುತ್ತಾರೆ.

ಶ್ರೀಲತಾ ಫೋಟೋ ತೆಗೆದು ತಜಮ್ಮುಲ್‌ನ ಮುಖದ ಮೇಲೆ ಬೆರಳಿಟ್ಟಳು. ಗೆದ್ದವಳಂತೆ ಅದನ್ನು ಮುದುಕಿಯ ಮುಂದೆ ಹಿಡಿದಳು.

ಮುದುಕಿ ಕನ್ನಡಕ ಏರಿಸಿ ನೋಡಿದಳು. ಇವರು ಕುದುರೆಯನ್ನು ಟ್ರೈಲರಿನಲ್ಲಿ ತಂದು ಇಳಿಸಿದವರು, ಆಮೇಲೆ ಲಾಯದ ಕಡೆ ಬಂದಿಲ್ಲ, ಇಳಿಸುವಾಗ ಅತ್ತರು ಎಂದಳು. ಆಮೇಲೆ ಅವಳ ಬೆರಳು ಫೋಟೋದ ಮೇಲೆ ಒಂದಿಷ್ಟು ಸರಿದು, ಶ್ರೀಲತಾಳ ಪಕ್ಕದಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ನಿಂತವನ ಮೇಲೆ ನಿಂತಿತು. ಕುದುರೆ ಕೊಟ್ಟವರು, ಗುರುವಾರ ಬರುವವರು ಇವರು.

ಗುರುವಾರಗಳು. ವಿಂಚೆಸ್ಟರಿನ ಕ್ಲೈಂಟ್ ಮೀಟಿಂಗ್ ಎಂದು ಗಂಡ ಹೇಳುತ್ತಿದ್ದ ದಿನಗಳು. ಶ್ರೀಲತಾ ಹುಲ್ಲಿನ ಹೊರೆಯ ಮೇಲೆ ಕೂತುಕೊಂಡಳು. ಮುದುಕಿ ನೀರು ತಂದುಕೊಟ್ಟಳು.

ಅಂದು ಸಂಜೆ ನಿಧಿ ಆರ್ಕೆಸ್ಟ್ರಾ ಪ್ರಾಕ್ಟೀಸಿಗೆ ಹೋಗಿದ್ದಳು. ಕೃಷ್ಣಪ್ರಸಾದ ಶೂ ಬಿಚ್ಚುತ್ತಿರುವಾಗಲೇ ಶ್ರೀಲತಾ ಎದುರಿಗೆ ನಿಂತಳು.

"ಮಿಸೆಸ್ ಹಾರ್ಲನ್ ನಿಮ್ಮನ್ನ ಕೇಳಿದ್ಲು."

ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಅವನು ಎಲ್ಲ ಹೇಳಿದ. ಮೇ ತಿಂಗಳಲ್ಲಿ ಡಾಕ್ಟರು ಬಾದಾಮಿಯನ್ನು ಪರೀಕ್ಷೆ ಮಾಡಿ ಎಡಗಣ್ಣು ಕಾಣುತ್ತಿಲ್ಲವೆಂದರು. ಏಪ್ರಿಲಿನಲ್ಲಿ ನಿಧಿ ಬಿದ್ದದ್ದು ಅದಕ್ಕೇ. ಎಡಗಡೆಯ ಕಂಬ ಅದಕ್ಕೆ ಕಾಣಿಸಿರಲಿಲ್ಲ. ಇನ್ನೊಂದು ಕಣ್ಣೂ ಯಾವಾಗಲಾದರೂ ಹೋಗಬಹುದು. ಕಮ್ಮಾರನ ಕೆಲಸ ನೋಡಲು ಹೋಗಿ ಆ ಹಳ್ಳಿಯವರ ಪರಿಚಯ ಮಾಡಿಕೊಂಡಿದ್ದ ತಜಮ್ಮುಲ್, ಅಲ್ಲಿ ಕೊಟ್ಟರೆ ಚೆನ್ನಾಗಿ ನೋಡಿಕೊಳ್ಳುತ್ತಾರೆಂದ.

"ಅದನ್ನೇ ಹೇಳ್ಬೋದಿತ್ತಲ್ಲ. ಸತ್ತೋಯ್ತು ಅಂತ ಯಾಕಂದ್ರಿ?"

"ಕುರುಡು ಅಂದಿದ್ರೆ ನಿಧಿ ಬಿಟ್ಕೊಡ್ತಿದ್ಲಾ? ನಾನೇ ನೋಡ್ಕೋತೀನಿ, ನಾನೇ ಓಡಿಸ್ತೀನಿ ಅಂತಿದ್ಲು. ಅವಳಿಗೆ ನೋ ಅನ್ನೋಕೆ ನಂಗೆ ಯಾವತ್ತೂ ಬಂದಿಲ್ಲ. ಸತ್ತೋಯ್ತು ಅಂತ ಹೇಳೋದು ಅದಕ್ಕಿಂತ ಸುಲಭ ಅನ್ನಿಸ್ತು."

"ನನಗೆ ಹೇಳ್ಬೋದಿತ್ತು."

"ಹೇಳಿದ್ರೆ ನೀನು ಏನಂತಿದ್ದೆ?"

ಅವಳಿಗೆ ಉತ್ತರ ಗೊತ್ತಿತ್ತು. ಕುರುಡು ಕುದುರೆಯ ಮೇಲೆ ಮಗಳನ್ನು ಕೂರಿಸಿದಿರಾ ಎಂದು ಜಗಳ ತೆಗೆದು, ಇನ್ನು ಮನೆಯಲ್ಲಿ ಕುದುರೆಯ ಹೆಸರೇ ಎತ್ತಕೂಡದೆಂದು ಅಲ್ಲಿಗೆ ಮುಗಿಸುತ್ತಿದ್ದಳು. ಆದರೆ ಈಗ ಅವಳ ಸಿಟ್ಟು ಬೇರೆ ಕಡೆ ಇತ್ತು.

"ಭಾನುವಾರ ನಾನು ಕೇಳಿದಾಗ ನೋಡಿದ್ದು ತಜಮ್ಮುಲ್ ಅಂದ್ರಿ. ನಾನು ಯಾರನ್ನ ಅನುಮಾನಿಸ್ತೀನಿ ಅಂತ ನಿಮಗೆ ಗೊತ್ತಿರ್ಲಿಲ್ವಾ?"

ಕೃಷ್ಣಪ್ರಸಾದ ನೆಲ ನೋಡಿದ. "ಆ ಹೊತ್ತಿಗೆ ಬಾಯಿಗೆ ಬಂದಿದ್ದು ಅದು."

"ಅವ್ರೇನು ಅಂದಿದ್ರು ನಿಮಗೆ?"

"ಹುಡುಗಿಗೆ ನಿಜ ಹೇಳು ಅಂದ. ತಾನು ಸುಳ್ಳು ಹೇಳಲ್ಲ, ಸುಮ್ನಿರ್ತೀನಿ ಅಷ್ಟೇ ಅಂದ."

ಆಗ ಶ್ರೀಲತಾಳಿಗೆ ಹೊಳೆಯಿತು. ಕುದುರೆ ಸತ್ತಿತೆಂದು ತಜಮ್ಮುಲ್‌ನ ಬಾಯಿಂದ ಅವಳು ಒಮ್ಮೆಯೂ ಕೇಳಿರಲಿಲ್ಲ.

ನಿಧಿಗೆ ಅವರು ಮರುದಿನ ಶಾಲೆಯಿಂದ ಬಂದ ಮೇಲೆ ಹೇಳಿದರು. ಹೇಳಿದವನು ಕೃಷ್ಣಪ್ರಸಾದನೇ, ಶ್ರೀಲತಾ ಪಕ್ಕದಲ್ಲಿ ಕೂತಿದ್ದಳು, ಸಹಾಯಕ್ಕೆ ಹೋಗಲಿಲ್ಲ. ಹುಡುಗಿ ಅಳುತ್ತಾಳೆ, ಇಲ್ಲವೇ ಬದುಕಿದೆಯಲ್ಲ ಎಂದು ಕುಣಿಯುತ್ತಾಳೆ ಎಂದು ಅವನು ಎಣಿಸಿದ್ದ. ಅವಳು ಎರಡೂ ಮಾಡಲಿಲ್ಲ.

"ಐ ಟೋಲ್ಡ್ ಯೂ" ಎಂದಳು. "ನಾನು ಹೇಳ್ದೆ. ನೀವಿಬ್ರೂ ಇಲ್ಲ ಅಂದ್ರಿ."

"ನನಗೆ ಗೊತ್ತಿರಲಿಲ್ಲ ಪುಟ್ಟಿ" ಎಂದಳು ಶ್ರೀಲತಾ.

ನಿಧಿ ತಾಯಿಯ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಆ ಮಾತನ್ನು ನಂಬಿದಳೋ ಇಲ್ಲವೋ ಶ್ರೀಲತಾಳಿಗೆ ತಿಳಿಯಲಿಲ್ಲ.

ಮುಂದಿನ ಶನಿವಾರದಿಂದ ನಿಧಿಯನ್ನು ಪಯೊನೀರ್ ವಿಲೇಜಿಗೆ ಕರೆದುಕೊಂಡು ಹೋಗುವುದು ಶುರುವಾಯಿತು. ಮಿಸೆಸ್ ಹಾರ್ಲನ್ ಅವಳಿಗೊಂದು ಉದ್ದ ಲಂಗ, ಟೋಪಿ ಕೊಟ್ಟು ಲಾಯದ ಕೆಲಸಕ್ಕೆ ಸೇರಿಸಿಕೊಂಡಳು. ಬಾದಾಮಿಯ ಮೇಲೆ ಹತ್ತುವ ಮಾತನ್ನು ನಿಧಿ ಎತ್ತಲೇ ಇಲ್ಲ. ಬಲಗಡೆಯಿಂದಲೇ ಹತ್ತಿರ ಹೋಗಬೇಕೆಂದು ತಾನಾಗಿ ಕಲಿತಳು. ಅಪ್ಪನ ಜೊತೆ ಮಾತು ಮೆಲ್ಲಗೆ ಮರಳಿತು, ಆದರೆ ಮೊದಲಿನ ಹಾಗಲ್ಲ. ನವೆಂಬರಿನಲ್ಲಿ ಮೈಸೂರಿನಿಂದ ಅಜ್ಜಿಗೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಫೋನ್ ಬಂತು. ಕೃಷ್ಣಪ್ರಸಾದ ಅದನ್ನು ಹೇಳಿದಾಗ ನಿಧಿ, "ಈಸ್ ದಟ್ ಟ್ರೂ? ನಾನು ಅಜ್ಜಿ ಹತ್ರ ಮಾತಾಡ್ಬೇಕು" ಎಂದಳು. ಆಸ್ಪತ್ರೆಗೆ ಲೈನ್ ಸಿಗುವವರೆಗೆ ಫೋನಿನ ಪಕ್ಕ ಬಿಟ್ಟು ಏಳಲಿಲ್ಲ. ಕೃಷ್ಣಪ್ರಸಾದ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತುಕೊಂಡ.

ನಿಜ ತಿಳಿದ ಮೇಲೆ ಶ್ರೀಲತಾ ಬದರುನ್ನೀಸಾಳ ಮನೆಗೆ ಹೋಗಲು ಒಂಬತ್ತು ದಿನ ತೆಗೆದುಕೊಂಡಳು. ಜರ್ಮನ್‌ಟೌನಿನ ಆ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿ ಹತ್ತುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದ ಬದರುನ್ನೀಸಾ "ಬನ್ನಿ" ಎಂದು ಒಳಗೆ ಕೂರಿಸಿದಳು. ಟೀ ಮಾಡಿದಳು. ಲೈಬಾ ಮಲಗಿದ್ದಳು, ತಜಮ್ಮುಲ್ ಆಫೀಸಿಗೆ ಹೋಗಿದ್ದ.

"ನಂದು ತಪ್ಪಾಯ್ತು ಬದರ್" ಎಂದಳು ಶ್ರೀಲತಾ.

"ಪ್ರಸಾದ್ ಭಾಯ್ ಹೀಗ್ ಮಾಡಿದಾರೆ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಎಂದಳು ಬದರುನ್ನೀಸಾ. "ಹೇಳ್ಬಾರ್ದು ಅಂತ ಇವರು ಮಾತು ಕೊಟ್ಟಿದ್ರು. ಅದಕ್ಕೆ ಫೋನಲ್ಲಿ ಹಾಗೆ ಮಾತಾಡ್ದೆ. ನೀವು ತಪ್ಪು ತಿಳ್ಕೊಳ್ಳೋಕೆ ಅದೂ ಒಂದು ಕಾರಣ ಇರ್ಬೋದು."

"ಇಲ್ಲ. ಅದು ನಾನೇ."

ಬದರುನ್ನೀಸಾ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕಿಟಕಿಯಾಚೆ ನೋಡಿದಳು. ಕೆಳಗೆ ಬಸ್ ಸ್ಟಾಪಿನಲ್ಲಿ ಆಫೀಸಿನ ಜನ ಇಳಿಯುತ್ತಿದ್ದರು.

"ಬೇರೆ ಯಾರಾದ್ರೂ ಕುದುರೆ ತಂದುಕೊಟ್ಟಿದ್ರೆ ನೀವು ಮಾರಿದ್ರಾ ಅಂತ ಕೇಳ್ತಿದ್ರಾ ಶ್ರೀಲತಾ?"

ಶ್ರೀಲತಾ ಸುಳ್ಳು ಹೇಳಬಹುದಿತ್ತು. ಮನೆಯಲ್ಲಿ ಒಂದು ಸುಳ್ಳು ಮಾಡಿದ ಕೆಲಸ ನೋಡಿಯಾಗಿತ್ತು.

"ಗೊತ್ತಿಲ್ಲ" ಎಂದಳು. "ಕೇಳ್ತಿರ್ಲಿಲ್ಲ ಅನ್ಸುತ್ತೆ."

ಬದರುನ್ನೀಸಾ ತಲೆಯಾಡಿಸಿದಳು. ಅದರಲ್ಲಿ ಸಿಟ್ಟು ಕಾಣಲಿಲ್ಲ. ಯಾವತ್ತೋ ಗೊತ್ತಿದ್ದ ವಿಷಯ ಮತ್ತೊಮ್ಮೆ ಕಿವಿಗೆ ಬಿದ್ದ ಹಾಗಿತ್ತು.

"ನೀವು ಫೋನಲ್ಲಿ ಕೇಳಿದ್ದನ್ನ ಇವ್ರಿಗೆ ಹೇಳಿಲ್ಲ ನಾನು. ನಿಮ್ಮನೇವ್ರನ್ನ ತುಂಬ ಹಚ್ಕೊಂಡಿದಾರೆ. ನಿಧಿ ಅಂದ್ರೆ ಪ್ರಾಣ. ನೀವೂ ಹೇಳ್ಬೇಡಿ."

"ಅವ್ರ ಹತ್ರಾನೂ ತಪ್ಪಾಯ್ತು ಅನ್ಬೇಕಿತ್ತು."

"ಅದು ನಿಮ್ಮ ಮನಸ್ಸು ಹಗುರ ಆಗೋಕೆ. ಅವ್ರಿಗೆ ಅದ್ರಿಂದ ಏನು ಸಿಗುತ್ತೆ?"

ಶ್ರೀಲತಾ ಒಪ್ಪಿದಳು. ಒಪ್ಪದೆ ಬೇರೆ ದಾರಿಯಿರಲಿಲ್ಲ. ಹೊರಡುವಾಗ ಬದರುನ್ನೀಸಾ ಲೈಬಾಳಿಗೆ ಚಿಕ್ಕದಾದ ಸ್ವೆಟರನ್ನು ಯಾರಿಗಾದರೂ ಕೊಡಿ ಎಂದು ಕವರಿನಲ್ಲಿ ಹಾಕಿಕೊಟ್ಟಳು. ಎಂದಿನಂತೆ ಬಾಗಿಲವರೆಗೆ ಬಂದಳು, ಆದರೆ ಮೆಟ್ಟಿಲು ಇಳಿದು ಕಾರಿನವರೆಗೆ ಬರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಎರಡು ಮನೆಯವರೂ ಮತ್ತೆ ಒಟ್ಟಿಗೆ ಆ ಹಳ್ಳಿಗೆ ಹೋದರು. ಈ ಸಲ ತಜಮ್ಮುಲ್ ಕುದುರೆಯ ಹತ್ತಿರ ಹೋಗಿ ನಾಲ್ಕೂ ಗೊರಸು ಎತ್ತಿ ನೋಡಿ, ಹಿಂಗಾಲಿನ ಲಾಳ ಸರಿಯಾಗಿ ಕೂತಿಲ್ಲವೆಂದು ಕಮ್ಮಾರನ ಜೊತೆ ವಾದಕ್ಕೆ ನಿಂತ. ನಿಧಿ ಲೈಬಾಳನ್ನು ಗಾಡಿಯಲ್ಲಿ ಕೂರಿಸಿದಳು. ಕೃಷ್ಣಪ್ರಸಾದ ತಾನೂ ಹತ್ತಲೇ ಎಂದು ಮಗಳನ್ನು ಕೇಳಿ, ಅವಳು ಹೂಂ ಎಂದ ಮೇಲೆ ಹತ್ತಿದ.

ತಜಮ್ಮುಲ್ ಕೈ ಒರೆಸಿಕೊಳ್ಳುತ್ತ ಹೆಂಗಸರಿಬ್ಬರ ಹತ್ತಿರ ಬಂದ.

"ಶ್ರೀಲತಾ ಅಕ್ಕ, ಆವತ್ತು ನೀವು ಕರೆದಾಗ ನಾನು ತಿರುಗಿ ನೋಡ್ಲಿಲ್ಲ. ಕೆಟ್ಟದು ಅನ್ನಿಸಿರ್ಬೇಕು. ಏನಾದ್ರೂ ಅನ್ಕೊಂಡ್ರಾ?"

ಬದರುನ್ನೀಸಾ ಲೈಬಾಳ ಕಡೆ ಕೈ ಬೀಸುತ್ತಿದ್ದಳು. ತಲೆ ತಿರುಗಿಸಲಿಲ್ಲ, ಕೈ ಮಾತ್ರ ಒಂದು ಕ್ಷಣ ನಿಂತಿತು.

"ಇಲ್ಲ" ಎಂದಳು ಶ್ರೀಲತಾ. "ನಾನೇನೂ ಅನ್ಕೊಂಡಿಲ್ಲ."

ತಜಮ್ಮುಲ್ ನಿರಾಳವಾಗಿ ನಕ್ಕು, ಚಳಿ ಶುರುವಾಯಿತೆಂದು ಕಾರಿನಿಂದ ಜಾಕೆಟ್ ತರಲು ಹೋದ. ಗಾಡಿ ಚರ್ಚಿನ ತಿರುವು ದಾಟಿ ಮರೆಯಾಗುವವರೆಗೆ ಹೆಂಗಸರಿಬ್ಬರೂ ಅಕ್ಕಪಕ್ಕದಲ್ಲಿ ನಿಂತಿದ್ದರು.